ಕಳ್ಳಂಬೆಳ್ಳದ ಚಿತ್ರನೇಯ್ಗೆ

ಯುಗಾದಿ ಕಳೆದು ಒಂದು ವಾರವಾಗಿತ್ತು. ಎಂಟು ಮರದ ಚೌಕಟ್ಟು, ಹತ್ತಿ ದಾರದ ಸಿಂಬೆಗಳು, ಬಣ್ಣದ ಪುಡಿ ತುಂಬಿದ ತಗಡಿನ ಡಬ್ಬಗಳು, ಸುರುಳಿ ಸುತ್ತಿದ ಒಂದು ನವಿಲಿನ ನಕ್ಷೆ, ಇಷ್ಟನ್ನು ಎರಡು ಎತ್ತಿನ ಗಾಡಿಗಳಲ್ಲಿ ಹೇರಿಕೊಂಡು ಸಿರಾದಿಂದ ಹೊರಟ ನಾನು ಕಳ್ಳಂಬೆಳ್ಳ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಕೆರೆ ಏರಿಯ ಪಕ್ಕದ ಶಾಲೆಗೆ ಬೇಸಿಗೆ ರಜೆ. ಅದರ ಉದ್ದನೆಯ ಕೋಣೆಯನ್ನು ನಮಗೆ ಬಿಟ್ಟುಕೊಟ್ಟಿದ್ದರು. ಜಗಲಿಯ ಮೇಲೆ ಹದಿನಾಲ್ಕು ಜನ ಕಂಬಳಿ ನೇಕಾರರು ಕೂತಿದ್ದರು. ನಾನು ಗಾಡಿಯಿಂದ ಇಳಿದಾಗ ಎಲ್ಲರೂ ಎದ್ದು ನಿಂತರು. ನನಗಾಗ ಇಪ್ಪತ್ತೇಳು ವರ್ಷ. ಅವರಲ್ಲಿ ಅರ್ಧ ಜನ ನಮ್ಮ ತಂದೆಯ ವಯಸ್ಸಿನವರು. ಅವರು ಹಾಗೆ ಎದ್ದು ನಿಂತದ್ದು ನನಗೆ ಖುಷಿ ಕೊಟ್ಟಿತು ಎಂಬುದನ್ನು ಈಗ ಮುಚ್ಚಿಡುವುದಿಲ್ಲ.

ಮಹಾರಾಜರ ಸರ್ಕಾರದ ಕಾಲ ಅದು, ಯುದ್ಧ ಶುರುವಾಗುವುದಕ್ಕೆ ಮೂರು ನಾಲ್ಕು ವರ್ಷ ಮುಂಚೆ. ಗಿರಣಿಯ ರಗ್ಗುಗಳು ಸಂತೆಗಳಿಗೆ ಬಂದು ಕಂಬಳಿಯನ್ನು ಕೇಳುವವರಿಲ್ಲದ ಹಾಗಾಗಿತ್ತು. ನಮ್ಮ ಇಲಾಖೆಯ ಇನ್ಸ್‌ಪೆಕ್ಟರು ಒಂದು ಯೋಜನೆ ಬರೆದು ಮಂಜೂರು ಮಾಡಿಸಿದ್ದರು. ಕಂಬಳಿ ನೇಯುವವರನ್ನು ಒಂದು ಕಡೆ ಕೂಡಿಸಿ, ಮೂರು ವಾರ ಅವರಿಗೆ ಚಿತ್ರನೇಯ್ಗೆ ಕಲಿಸುವುದು; ಅವರು ನೇಯ್ದದ್ದನ್ನು ದಸರೆಯ ಹೊತ್ತಿಗೆ ವಸ್ತುಪ್ರದರ್ಶನದಲ್ಲಿ ಇಡುವುದು; ಬಂಗಲೆಗಳಲ್ಲಿರುವ ದೊಡ್ಡವರು ನೋಡಿ ಗೋಡೆಗೆ ತೂಗುಹಾಕಲು ಬೇಕೆಂದು ಕೇಳುವುದು. ಬೆಂಗಳೂರಿನ ನೇಯ್ಗೆ ಶಾಲೆಯಲ್ಲಿ ಆ ಕೆಲಸ ಕಲಿತು ಬಂದವನು ಈ ಕಡೆಗೆ ನಾನೊಬ್ಬನೇ ಇದ್ದುದರಿಂದ ನನ್ನನ್ನು ಕಳಿಸಿದರು. ನಮ್ಮದು ಮಧುಗಿರಿ ಪೇಟೆಯಲ್ಲಿ ಬೆಲ್ಲದ ಮಂಡಿ. ಮನೆತನದಲ್ಲಿ ಮಗ್ಗ ಮುಟ್ಟಿದವನು ಬೇರೆ ಯಾರೂ ಇರಲಿಲ್ಲ.

ಆ ಹದಿನಾಲ್ಕು ಜನರನ್ನು ಸೇರಿಸಿದ್ದು ಕಳ್ಳಂಬೆಳ್ಳದ ಹತ್ತಿರದ ಒಂದು ಹಟ್ಟಿಯ ಯಜಮಾನರು. ಅರವತ್ತು ದಾಟಿದ ಕುರುಬರ ಹಿರಿಯ. ಅವರ ಮಾತಿನ ಮೇಲೆ ಕೊರಟಗೆರೆ ಕಡೆಯ ತೋವಿನಕೆರೆಯಿಂದ ಇಬ್ಬರು ಬಂದಿದ್ದರು; ಪಾವಗಡದ ನಿಡುಗಲ್ಲಿನಿಂದ ಒಬ್ಬ ಎರಡು ದಿನ ನಡೆದು ಬಂದಿದ್ದ. ಮೊದಲ ದಿನವೇ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು.

"ಮೇಷ್ಟ್ರೇ, ಒಂದ್ ಮಾತು. ಮುಂಗಾರು ಇಡಿಯೋಕ್ ಮುಂಚೆ ನಾವು ಕಂಬ್ಳಿ ನೇಯ್ದು ಸಂತೆಗಾಕ್ಬೇಕು. ವರ್ಸದಾಗೆ ಕಂಬ್ಳಿ ಮಾರೋ ಕಾಲ ಇದೊಂದೇಯ. ಈ ಮೂರು ವಾರ ಬುಟ್ರೆ ಮತ್ತೆ ಬರಾಕಿಲ್ಲ. ನಾನ್ ಏಳ್ದೆ ಅಂತ ಇವ್ರೆಲ್ಲ ಬಂದವ್ರೆ. ಇದ್ರಿಂದ ದಾರಿ ಐತಾ?"

"ಐತೆ ಯಜಮಾನ್ರೇ. ಪ್ರದರ್ಶನದಲ್ಲಿ ನೋಡಿದವರು ಕೇಳಿಯೇ ಕೇಳ್ತಾರೆ" ಅಂದೆ.

ಇನ್ಸ್‌ಪೆಕ್ಟರು ನನಗೆ ಹೇಳಿದ್ದ ಮಾತು ಅದು. ನಾನು ಕಣ್ಣಾರೆ ಕಂಡವನ ಹಾಗೆ ಅದನ್ನು ದಾಟಿಸಿದೆ.

ಚಿತ್ರನೇಯ್ಗೆ ಎಂದರೆ ಇಷ್ಟೆ. ಚೌಕಟ್ಟಿನಲ್ಲಿ ಮೇಲಿಂದ ಕೆಳಕ್ಕೆ ಹಾಸಿನ ದಾರಗಳನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಅದರ ಹಿಂದೆ ನಕ್ಷೆ ಇಡಬೇಕು. ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ, ಕಂಬಳಿಯಲ್ಲಿ ಹೋಗುವಂತೆ ಈ ಅಂಚಿನಿಂದ ಆ ಅಂಚಿಗೆ ಹೋಗುವುದಿಲ್ಲ. ನವಿಲಿನ ಕತ್ತು ನೀಲಿಯಾದರೆ ನೀಲಿ ಎಳೆ ಆ ಕತ್ತಿನ ಅಗಲದಷ್ಟೇ ಹೋಗಿ ಹಿಂದಿರುಗುತ್ತದೆ. ಪಕ್ಕದ ಹಸಿರು ತನ್ನ ಜಾಗದಲ್ಲಿ ತಾನು ಓಡಾಡುತ್ತದೆ. ಎರಡು ಬಣ್ಣ ಸಂಧಿಸುವ ಕಡೆ ಒಂದು ಸಣ್ಣ ಸೀಳು ಉಳಿಯುತ್ತದೆ. ಕೊನೆಗೆ ಅದನ್ನು ಸೂಜಿಯಿಂದ ಹೊಲಿಯುವುದು ಪದ್ಧತಿ.

ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವವರಿಗೆ ನಿಲುವು ಚೌಕಟ್ಟಿನ ಮುಂದೆ ಕಾಲನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಒಬ್ಬರು ಕುಕ್ಕರಗಾಲಲ್ಲಿ ಕೂತರು, ಒಬ್ಬರು ನಿಂತರು. ನಾನು ಎರಡು ಬೆರಳಗಲ ನೇಯ್ದು ತೋರಿಸಿದೆ. ಯಜಮಾನರು ಬಗ್ಗಿ ಆ ಸೀಳಿನಲ್ಲಿ ಕಿರುಬೆರಳು ತೂರಿಸಿ ನೋಡಿದರು.

"ಇದು ಅರ್ದಿರೋ ಅಂಗೈತಲ್ಲ ಮೇಷ್ಟ್ರೇ. ನಮ್ಮೋರು ಇಂಗೆ ಸೀಳು ಬಿಟ್ಟು ನೇಯ್ದ್ರೆ ಅಪ್ಪ ಕಪಾಳಕ್ಕೆ ಬುಡ್ತಿದ್ದ. ಮಳೆ ನಿಲ್ತದಾ ಇದ್ರಾಗೆ?"

"ಇದು ಮಳೆಗಲ್ಲ ಯಜಮಾನ್ರೇ, ಗೋಡೆಗೆ ಹಾಕೋದು."

"ಗ್ವಾಡೆಗೆ ಚಳಿ ಆಯ್ತದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಿಡುಗಲ್ಲಿನವನು ಮಾತ್ರ ನಗದೆ, "ಸರೇ ಕಾನೀ, ಇರ್ಲಿ ಬಿಡಿ, ಹೊಟ್ಟೆಪಾಡು ಕಣ್ರಯ್ಯಾ. ದೊರೆಗಳ ಗೋಡೆಗೆ ಚಳಿ ಅಂದ್ರೆ ಹೊದಿಸಾಣ" ಅಂದ. ಸಣಕಲು ಆಳು, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಕೈ ಬಹಳ ಚುರುಕು. ಮೂರನೆಯ ದಿನಕ್ಕೆ ನನ್ನಷ್ಟೇ ವೇಗವಾಗಿ ಎಳೆ ತಿರುಗಿಸುತ್ತಿದ್ದ.

ಮೊದಲ ವಾರ ಕಪ್ಪು ಉಣ್ಣೆಯಲ್ಲೇ ಅಭ್ಯಾಸ. ಎಲ್ಲರ ಕೈಯಲ್ಲೂ ಒಂದೇ ತಪ್ಪು ಆಗುತ್ತಿತ್ತು. ಹೊಕ್ಕನ್ನು ಬಿಗಿಯಾಗಿ ಎಳೆಯುವುದು ಕಂಬಳಿಯವರ ರೂಢಿ. ಇಲ್ಲಿ ಹಾಗೆ ಎಳೆದರೆ ಬಟ್ಟೆ ಮೇಲೇರಿದಂತೆ ಒಳಕ್ಕೆ ಸರಿದು, ಬುಡದಲ್ಲಿ ಎರಡು ಗಜ ಇದ್ದದ್ದು ತುದಿಯಲ್ಲಿ ಒಂದೂವರೆಗೆ ಬಂದು ನಿಲ್ಲುತ್ತದೆ. ಎಳೆಯನ್ನು ಕಮಾನಿನ ಹಾಗೆ ಸಡಿಲ ಬಿಟ್ಟು, ಆಮೇಲೆ ಬಾಚಣಿಗೆಯಿಂದ ಮೆಲ್ಲಗೆ ಬಡಿದು ಕೂರಿಸಬೇಕು. ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ನಾಲ್ಕು ಸಲ ಬಿಚ್ಚಿಸಿದೆ. ಯಾರೂ ಮುಖ ಸಿಂಡರಿಸಲಿಲ್ಲ. ರಾಗಿ ರೊಟ್ಟಿ ಬುತ್ತಿ ಬಿಚ್ಚಿ ತಿಂದು, ಮತ್ತೆ ಬಂದು ಕೂರುತ್ತಿದ್ದರು.

ಕಷ್ಟ ಶುರುವಾದದ್ದು ಎರಡನೆಯ ವಾರ. ಬಣ್ಣ ಹಾಕಲು ಬಿಳಿ ಉಣ್ಣೆ ಬೇಕು. ಈ ಸೀಮೆಯ ಕುರಿ ಬಹುಪಾಲು ಕಪ್ಪು, ಕಂದು. ಕಪ್ಪಿನ ಮೇಲೆ ಯಾವ ಬಣ್ಣವೂ ಹತ್ತುವುದಿಲ್ಲ. ಬಿಳಿ ಉಣ್ಣೆಯನ್ನು ಇಲಾಖೆಯೇ ಕಳಿಸಬೇಕಿತ್ತು. ಬಣ್ಣದ ಡಬ್ಬಗಳು ಬಂದಿದ್ದವು, ಉಣ್ಣೆ ಬರಲಿಲ್ಲ. ಎರಡು ಸಲ ಕಾಗದ ಬರೆದೆ. 'ಗಮನಿಸಲಾಗುತ್ತಿದೆ' ಎಂದು ಉತ್ತರ ಬಂತು.

ನಾನು ಪೇಚಾಡುವುದನ್ನು ಯಜಮಾನರು ನೋಡಿದರು. ಮಾರನೆಯ ಬೆಳಿಗ್ಗೆ ಅವರ ಸೊಸೆ ತಲೆಯ ಮೇಲೆ ಒಂದು ದೊಡ್ಡ ಕುಕ್ಕೆ ಹೊತ್ತು ಅವರ ಹಿಂದೆ ಬಂದಳು. ಗಂಡ ತೀರಿಹೋಗಿ ಆರೇಳು ವರ್ಷವಾದ ಹೆಂಗಸು, ಮೂವತ್ತೈದು ಇದ್ದೀತು. ಕುಕ್ಕೆ ಇಳಿಸಿದಾಗ ಒಳಗೆ ಹಾಲಿನಂಥ ಬಿಳಿ ನೂಲಿನ ಉಂಡೆಗಳು.

"ನನ್ ಮೊಮ್ಮಗ್ಳ ಮದ್ವೆಗೆ ಅಂತ ಮಡಗಿದ್ದು" ಅಂದರು ಯಜಮಾನರು. "ಬರೋ ಮಾಗದಾಗೆ ಧಾರೆ. ನಮ್ಮೋರಾಗೆ ಹೆಣ್ಣುಗಂಡು ಕುಂತ್ಕಳೋದು ಕಂಬ್ಳಿ ಮ್ಯಾಲೆ. ಇವ್ಳು ಮಗ್ಳಿಗೆ ಬಿಳೀದೇ ಆಗ್ಬೇಕು ಅಂತ ಮೂರು ವರ್ಸದಿಂದ ಬಿಳಿ ಕುರಿ ಉಣ್ಣೆ ಕೂಡಾಕಿ ನೂತವ್ಳೆ. ತಗಳಿ. ನಿಮ್ಮುಣ್ಣೆ ಬಂದ್ಮೇಲೆ ಕೊಟ್ರೆ ಆಯ್ತು."

ನಾನು ಆ ಹೆಂಗಸಿನ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಒಂದು ಉಂಡೆ ಉರುಳಿ ಹೊರಗೆ ಬಿದ್ದಿತ್ತು. ಅದನ್ನೆತ್ತಿ, ಸೆರಗಿನಲ್ಲಿ ಮಣ್ಣು ಒರೆಸಿ, ಕುಕ್ಕೆಯಲ್ಲಿಟ್ಟಳು. ಬೇಡ ಎನ್ನಬೇಕಾದವನು ನಾನು. "ಒಂದು ತಿಂಗಳಲ್ಲಿ ಹಿಂದಕ್ಕೆ ಬರುತ್ತೆ, ಇದಕ್ಕಿಂತ ಒಳ್ಳೇದು" ಅಂದೆ.

ಬಣ್ಣ ಹಾಕುವ ಕೆಲಸವನ್ನು ಶಾಲೆಯ ಹಿಂದಿನ ಬಾವಿಯ ಬಳಿ ಇಟ್ಟುಕೊಂಡೆ. ಕೆರೆಯಿಂದ ನೀರು ಹೊರುವುದು ದೂರವೆಂದು ತೋರಿತು. ಆ ಬಾವಿಯ ನೀರು ಸವುಳು. ಹತ್ತು ದಿನದಿಂದ ನಾನೇ ಅಡುಗೆ ಮಾಡಿಕೊಳ್ಳುತ್ತಿದ್ದೆ. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ತಪ್ಪಲೆಯ ಕಂಠಕ್ಕೆ ಬಿಳಿ ಉಪ್ಪು ಕಟ್ಟುತ್ತಿತ್ತು. ಅದನ್ನು ದಿನಾ ಉಜ್ಜಿ ತೊಳೆದವನಿಗೆ ಬಣ್ಣದ ಹಂಡೆಯ ಹತ್ತಿರ ಬಂದಾಗ ಆ ನೆನಪೇ ಆಗಲಿಲ್ಲ. ಬೆಂಗಳೂರಿನ ಶಾಲೆಯಲ್ಲಿ ನಲ್ಲಿ ತಿರುಗಿಸಿದರೆ ಸಿಹಿನೀರು. ನೀರನ್ನು ಪರೀಕ್ಷೆ ಮಾಡು ಎಂದು ಅಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ.

ಮೊದಲು ನೀಲಿ. ಪುಡಿ ಕರಗಿಸಿದೆ, ಹುಳಿ ಸೇರಿಸಿದೆ, ನೂಲಿನ ಲಡಿಗಳನ್ನು ಇಳಿಬಿಟ್ಟೆ. ಬಣ್ಣ ಹಾಲು ಒಡೆದಂತೆ ಒಡೆಯಿತು. ಲಡಿ ಎತ್ತಿದರೆ ಒಂದು ಕಡೆ ಕಡುನೀಲಿ, ಒಂದು ಕಡೆ ಬೂದಿ, ಒಂದು ಕಡೆ ಏನೂ ಇಲ್ಲ. ಶಾಖ ಸಾಲದೆಂದುಕೊಂಡು ಉರಿ ಹೆಚ್ಚಿಸಿದೆ. ಸಮನಾಗಿ ಹತ್ತಲೆಂದು ಕೋಲಿನಿಂದ ತಿರುಗಿಸಿದೆ, ಒತ್ತಿದೆ, ಮತ್ತೆ ತಿರುಗಿಸಿದೆ. ಅದು ಸರಿಹೋಗದಿದ್ದಾಗ ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಎರಡನೆಯ ಹಂಡೆ ಇಟ್ಟು ಹಸಿರು ಶುರುಮಾಡಿದೆ. ಹದಿನಾಲ್ಕು ಜನ ಸುತ್ತ ನಿಂತು ನೋಡುತ್ತಿದ್ದರು. ಅವರೆದುರಿಗೆ ನಿಲ್ಲಿಸುವುದು ನನ್ನಿಂದ ಆಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಂಡೆಯಲ್ಲಿ ನೂಲು ಇರಲಿಲ್ಲ. ಉಣ್ಣೆ ಕುದಿಯುವ ನೀರಿನಲ್ಲಿ ತಿಕ್ಕಾಡಿದರೆ ಎಳೆಗೆ ಎಳೆ ಹತ್ತಿ ಒಂದೇ ಮುದ್ದೆಯಾಗುತ್ತದೆ. ಕಂಬಳಿಯವರಿಗೆ ಇದು ಚೆನ್ನಾಗಿ ಗೊತ್ತು. ಯಜಮಾನರು ನಡುವೆ ಒಂದು ಸಲ, "ಮೇಷ್ಟ್ರೇ, ಇಷ್ಟು ಕುದಿ ಬೇಕಾ?" ಅಂದಿದ್ದರು. "ಇದು ಬೇರೆ ವಿಧಾನ" ಅಂದಿದ್ದೆ.

ಆ ಸಂಜೆಯೇ ಗಾಡಿ ಹೂಡಿಸಿಕೊಂಡು ಸಿರಾಕ್ಕೆ ಹೋಗಿ, ಬೆಳಿಗ್ಗೆ ಅಲ್ಲಿಯ ಬಣ್ಣಗಾರ ಸಾಹೇಬರೊಬ್ಬರನ್ನು ಕರೆತಂದೆ. ಎರಡೂ ಕೈ ಮೊಳಕೈವರೆಗೆ ನೀಲಿ ಹತ್ತಿದ ಮುದುಕರು. ಬಂದವರೇ ಮುದ್ದೆಯನ್ನು ನೋಡಲಿಲ್ಲ. ಬಾವಿಯ ಬಳಿ ಹೋಗಿ ಬೊಗಸೆ ನೀರು ಬಾಯಿಗೆ ಹಾಕಿ ಉಗುಳಿದರು.

"ಈ ಪಾನಿ ಖಾರಾ, ಸವುಳು ಐತಲ್ಲ ಮೇಷ್ಟ್ರೇ. ಇದ್ರಲ್ಲಿ ರಂಗು ಎಲ್ಲಿ ಕೂರ್ತದೆ? ಕೆರೆ ಪಾನಿ ತರಬೇಕಿತ್ತು."

"ಈಗ ಏನಾದ್ರೂ ಮಾಡಬಹುದಾ ಸಾಹೇಬ್ರೇ?"

ಅವರು ಮುದ್ದೆಯೊಂದನ್ನು ಎತ್ತಿ, ಎರಡು ಕೈಯಲ್ಲಿ ಎಳೆದು, ಕೆಳಗಿಟ್ಟರು. "ರಂಗು ಹೋದ್ರೆ ಮತ್ತೆ ಹಾಕಬಹುದು. ಉಣ್ಣೆ ಹಿಂಗೆ ಜಮಾಯಿಸಿದ್ಮೇಲೆ ಏನೂ ಇಲ್ಲ. ಖರಾಬಾಗೋಯ್ತು."

ಸೊಸೆ ಆ ದಿನವೆಲ್ಲ ಬಾವಿಕಟ್ಟೆಯ ಮೇಲೆ ಕೂತು ಮುದ್ದೆಗಳಿಂದ ಎಳೆ ಬಿಡಿಸಲು ನೋಡಿದಳು. ಉಗುರಿನಿಂದ, ಸೂಜಿಯಿಂದ, ಕಡೆಗೆ ಹಲ್ಲಿನಿಂದ. ಗೇಣುದ್ದದ ಚೂರುಗಳು ಬಂದವು. ಯಾರೂ ನನ್ನನ್ನು ಬೈಯಲಿಲ್ಲ. ಕುಕ್ಕೆಯ ತಳದಲ್ಲಿ ಒಂದು ಉಂಡೆ ಬಿಳಿ ನೂಲು ಮಾತ್ರ ಬಣ್ಣ ಕಾಣದೆ ಉಳಿದಿತ್ತು.

ಇನ್ನು ಹತ್ತು ದಿನ ಇತ್ತು. ನಾನು ಎರಡು ದಿನ ಪಾಠ ಮಾಡಲಿಲ್ಲ. ಹೊಟ್ಟೆನೋವೆಂದು ಹೇಳಿ ಶಾಲೆಯ ಜಗಲಿಯ ಮೇಲೆ ಮಲಗಿದ್ದೆ. ಮೂರನೆಯ ಬೆಳಿಗ್ಗೆ ಎದ್ದು ಒಳಗೆ ಹೋದರೆ ನಿಡುಗಲ್ಲಿನವನು ಒಬ್ಬನೇ ಚೌಕಟ್ಟಿನ ಮುಂದೆ ಕೂತು ನೇಯುತ್ತಿದ್ದ. ಹಿಂದೆ ನಕ್ಷೆಯಿರಲಿಲ್ಲ. ಪಕ್ಕದ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಬೆಟ್ಟ ಬರೆದಿದ್ದ. ನೆತ್ತಿಯಲ್ಲಿ ಕೋಟೆಯ ಗೆರೆ, ಬಂಡೆಗಳ ನಡುವೆ ಇಳಿದು ಬರುವ ಚುಕ್ಕೆಗಳು.

"ಇದೇನಯ್ಯಾ?"

"ಮಾ ಊರು ಸಾಮಿ. ನಿಡುಗಲ್ಲು. ಸಾಯಂಕಾಲ ಕುರಿ ಇಳಿಯೋದು." ಅವನು ಸಂಕೋಚದಿಂದ ಎದ್ದ. "ನಿಮ್ ನೆಮಲಿಗೆ, ನವಿಲಿಗೆ, ಬಣ್ಣ ಲೇದು. ಸುಮ್ನೆ ಕೂರೋದ್ಯಾಕೆ ಅಂತ."

ಅವನು ನೇಯ್ದಿದ್ದು ಮೊಳದಷ್ಟೂ ಇರಲಿಲ್ಲ. ಆದರೆ ಬಂಡೆ ಬಂಡೆಯ ಹಾಗೆ ಇತ್ತು. ಕಪ್ಪು, ಕಂದು, ಇವೆರಡರಲ್ಲೇ.

ಅಲ್ಲಿಯೇ ತೀರ್ಮಾನ ಮಾಡಿದೆ. ನವಿಲಿನ ನಕ್ಷೆ ಸುತ್ತಿ ಮೂಲೆಗಿಟ್ಟೆ. ಮಂಜೂರಾದ ಮಾದರಿ ಅದು. ಬದಲಿಸಲು ನನಗೆ ಅಧಿಕಾರವಿಲ್ಲ ಎಂಬುದು ಗೊತ್ತಿತ್ತು. ಎಲ್ಲರನ್ನೂ ಕೂರಿಸಿ ಹೇಳಿದೆ: ಎಂಟು ಚೌಕಟ್ಟು ಬೇಡ, ಎರಡನ್ನು ಸೇರಿಸಿ ಒಂದು ದೊಡ್ಡದು ಮಾಡೋಣ, ಎಲ್ಲರೂ ಸೇರಿ ಈ ಬೆಟ್ಟವನ್ನು ನೇಯೋಣ, ಬಣ್ಣವೇ ಬೇಡ. ಯಜಮಾನರತ್ತ ತಿರುಗಿ, "ಸೀಳನ್ನೂ ಬಿಡೋದು ಬೇಡ" ಅಂದೆ. ಎರಡು ಎಳೆ ಸಂಧಿಸುವ ಕಡೆ ಒಂದನ್ನೊಂದು ಕೊಂಡಿಯ ಹಾಗೆ ಹೆಣೆದು ಹಿಂದಿರುಗಿಸುವ ಇನ್ನೊಂದು ಕ್ರಮವಿದೆ. ಕೆಲಸ ನಿಧಾನ. ಆದರೆ ಬಟ್ಟೆ ಒಂದೇ ಹಾಳೆಯಾಗಿ ಬರುತ್ತದೆ. ತೋರಿಸಿದೆ. ಅವರು ಬೆರಳು ತೂರಿಸಲು ನೋಡಿದರು, ಹೋಗಲಿಲ್ಲ. "ಊಂ" ಅಂದರು. ಆ ಮೂರು ವಾರದಲ್ಲಿ ಅವರು ನನ್ನ ಕೆಲಸವನ್ನು ಒಪ್ಪಿದ್ದು ಅದೊಂದೇ ಸಲ.

ಬೆಟ್ಟದ ಇಳಿಜಾರಿಗೆ ನೆರಳು ಬೇಕಿತ್ತು. ಕಂದು ಒಂದನ್ನು ಬಿಟ್ಟರೆ ಕಪ್ಪು ಮತ್ತು ಬಿಳಿಯ ನಡುವೆ ಏನೂ ಇರಲಿಲ್ಲ. ಬಾಗಿಲ ಬಳಿ ನಿಂತಿದ್ದ ಸೊಸೆ ಮೊದಲ ಬಾರಿಗೆ ಮಾತಾಡಿದಳು. "ಎಕ್ಕೋವಾಗ್ಲೇ ಕೂಡಿಸ್ಬೇಕು, ಮಾವ. ಮೂರ್ ಇಡಿ ಕರೀದಕ್ಕೆ ಒಂದಿಡಿ ಬಿಳೀದು. ಆಮ್ಯಾಕೆ ಎರಡಕ್ಕೆರಡು." ಹಟ್ಟಿಯಿಂದ ಕಪ್ಪು ಉಣ್ಣೆ ತಂದಳು. ಬಿಲ್ಲಿನ ತಂತಿಯಿಂದ ಮಿಡಿದು ಎಕ್ಕಿ, ಹಿಂಜಿ ಬಿಡಿಸಿ, ಹಾಳಾದ ಮುದ್ದೆಯಿಂದ ಕಿತ್ತಿಟ್ಟಿದ್ದ ಚೂರುಗಳಲ್ಲಿ ಬಣ್ಣ ಹತ್ತದವನ್ನು ಆರಿಸಿ ಬೆರೆಸಿ, ಕದಿರಿಗೆ ಹಾಕಿ ನೂತಳು. ಎರಡು ದಿನದಲ್ಲಿ ಐದು ಬಗೆಯ ಬೂದು ನೂಲು ಮುಂದಿಟ್ಟಳು. ಬೆಳಗಿನ ಬಂಡೆ, ಮಧ್ಯಾಹ್ನದ ಬಂಡೆ, ಮೋಡ ಮುಚ್ಚಿದ ಬಂಡೆ ಎಂದು ನಿಡುಗಲ್ಲಿನವನು ಒಂದೊಂದಕ್ಕೂ ಹೆಸರಿಟ್ಟ.

ಯಾವ ಬೂದು ಎಲ್ಲಿ ಮುಗಿದು ಯಾವುದು ಶುರುವಾಗಬೇಕೆಂದು ಅವಳಿಗೆ ಮಾತ್ರ ತಿಳಿಯುತ್ತಿತ್ತು. ದೂರ ನಿಂತು, "ಅಲ್ಲಲ್ಲ, ಇನ್ನೊಂದೆರಡು ಎಳೆ ಈಚ್ಗೆ" ಅನ್ನುತ್ತಿದ್ದಳು. ಅವರಲ್ಲಿ ಹೆಂಗಸರು ನೂಲುತ್ತಾರೆ, ಮಗ್ಗಕ್ಕೆ ಕೂರುವುದಿಲ್ಲ. ನಾನು ಯಜಮಾನರನ್ನು ಕೇಳಲು ಹೆದರುತ್ತಿದ್ದೆ. ಅವರೇ ಹೇಳಿದರು:

"ಇದ್ಕೆ ಕುಣಿ ಇಲ್ಲ, ಲಾಳಿ ಇಲ್ಲ. ಇದು ಮಗ್ಗ ಅಲ್ವಲ್ಲ. ಕುಂತ್ಕಳವ್ವ."

ಅವಳು ಕೂತಳು. ಬೆಟ್ಟ ಶುರುಮಾಡಿದಾಗಿನಿಂದ ಕೊನೆಯವರೆಗಿನ ಆ ಏಳು ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ನನ್ನ ಮೂವತ್ತು ವರ್ಷದ ಕೆಲಸದಲ್ಲಿ ಅಂಥ ಏಳು ದಿನ ಮತ್ತೆ ಸಿಗಲಿಲ್ಲ. ನಾಲ್ಕು ಜನ ಒಟ್ಟಿಗೆ ಕೂರುವರು, ನಾಲ್ಕು ಜನ ಹೊಕ್ಕಿನ ನೂಲನ್ನು ಕಂಡಿಕೆಗೆ ಸುತ್ತುವರು. ಬಾಚಣಿಗೆಯ ಸದ್ದು ಕೆರೆ ಏರಿಯವರೆಗೆ ಕೇಳುತ್ತಿತ್ತಂತೆ. ಉಳಿದ ಬಿಳಿ ನೂಲು ಕುರಿಗಳಿಗೆ ಹೋಯಿತು. ಎಲ್ಲ ಕುರಿಗಳನ್ನೂ ಅವಳೇ ನೇಯ್ದಳು.

ಕೊನೆಯ ದಿನ ಇನ್ಸ್‌ಪೆಕ್ಟರು ಬಂದರು. ಚೌಕಟ್ಟಿನ ಮುಂದೆ ಬಹಳ ಹೊತ್ತು ನಿಂತರು.

"ಏನ್ರೀ ಮೇಷ್ಟ್ರೇ, ನವಿಲೆಲ್ಲಿ?"

ನಡೆದದ್ದನ್ನೆಲ್ಲ ಹೇಳಿದೆ. ಬಾವಿಯ ನೀರಿನ ತಪ್ಪನ್ನೂ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಬೈಯಲಿಲ್ಲ. "ಕೆಲಸ ಚೆನ್ನಾಗಿದೆ ಕಣ್ರೀ. ನನಗೆ ಕಾಣೋದಿಲ್ವೇ? ಆದರೆ ಮೇಲಿನವರು ಮಂಜೂರು ಮಾಡಿದ್ದು ಬಣ್ಣದ ನವಿಲು. ನಾನು ಅವರ ಮುಂದೆ ಕಂಬಳಿ ಹರವಲಾ?" ಅಂದರು. ನಾನು ಒಂದೇ ಸಮನೆ ಬೇಡಿದ ಮೇಲೆ, "ಆಯ್ಕೆ ಮಾಡೋ ಕಚೇರಿಗೆ ನೀವೇ ತಗೊಂಡು ಹೋಗಿ, ಕಾಗದ ಕೊಡ್ತೀನಿ" ಎಂದರು.

ಬಟ್ಟೆಯನ್ನು ಚೌಕಟ್ಟಿನಿಂದ ಬಿಡಿಸುವಾಗ ಎಲ್ಲರೂ ಒಂದೊಂದು ಅಂಚು ಹಿಡಿದರು. ನಿಡುಗಲ್ಲಿನವನು ಹೊರಡುವಾಗ, "ದೊರೆಗಳು ಕೇಳಿದ್ರೆ ಆ ಕೋಟೆ ನಿಜವಾಗ್ಲೂ ಐತೆ ಅಂತ ಹೇಳಿ ಸಾಮಿ" ಅಂದ.

ಆಯ್ಕೆಯ ಕಚೇರಿಯಲ್ಲಿ ನಾನು ಮೂರು ದಿನ ಬೆಂಚಿನ ಮೇಲೆ ಕಾದೆ. ಕಡೆಗೆ ಇಬ್ಬರು ಗೃಹಸ್ಥರು ಬಂದು ಮೇಜಿನ ಮೇಲೆ ಹರಡಿಸಿ ನೋಡಿದರು. ಚಿತ್ರನೇಯ್ಗೆಯ ವಿಭಾಗದವರು, ಇದಕ್ಕೆ ಬಣ್ಣವಿಲ್ಲ, ಮಾದರಿಗೆ ಸರಿಯಿಲ್ಲ, ಇದು ಕಂಬಳಿ, ಕಂಬಳಿಯ ವಿಭಾಗಕ್ಕೆ ಕೊಡಿ ಅಂದರು. ಕಂಬಳಿಯ ವಿಭಾಗದವರು ಎತ್ತಿ ಬೆಳಕಿಗೆ ಹಿಡಿದು, ಅಳತೆ ನೋಡಿ, ಹಾಸು ಹತ್ತಿಯದು, ಮಳೆ ತಡೆಯುವುದಿಲ್ಲ, ಇದು ಚಿತ್ರ, ಆ ವಿಭಾಗಕ್ಕೆ ಕೊಡಿ ಅಂದರು. ಎರಡೂ ಕಡೆಯವರು ಸೌಜನ್ಯದಿಂದಲೇ ಮಾತಾಡಿದರು. ನಾನು ಯಜಮಾನರ ಹಟ್ಟಿಯ ಬಗ್ಗೆ, ಆ ಹೆಂಗಸಿನ ಬೂದು ನೂಲಿನ ಬಗ್ಗೆ ಹೇಳತೊಡಗಿದೆ. ಒಬ್ಬರು ಗಡಿಯಾರ ನೋಡಿಕೊಂಡರು.

ಬಿಳಿ ಉಣ್ಣೆಯನ್ನಾದರೂ ತಂದುಕೊಡೋಣವೆಂದು ಓಡಾಡಿದೆ. ಇಲಾಖೆಯಿಂದ ಬಂದ ಉತ್ತರ: ಉಣ್ಣೆಯನ್ನು ಅನುಮತಿಯಿಲ್ಲದೆ ಪಡೆದದ್ದರಿಂದ ಬದಲಿ ಕೊಡಲು ಬರುವುದಿಲ್ಲ. ಸಿರಾ, ಮಧುಗಿರಿ, ಪಾವಗಡ, ಮೂರು ಕಡೆಯ ಸಂತೆಗಳಲ್ಲೂ ಹುಡುಕಿದೆ. ಕುರಿಯ ಉಣ್ಣೆ ಕತ್ತರಿಸುವ ಕಾಲ ಮುಗಿದಿತ್ತು. ಸಿಕ್ಕಿದ್ದು ಕಂದು ಬೆರೆತ ಒಂದು ಸಣ್ಣ ಮೂಟೆ. ಅದನ್ನೂ ಚಿತ್ರವನ್ನೂ ಹೊತ್ತು, ಮುಂಗಾರು ಹಿಡಿದ ಮೇಲೆ ಕಳ್ಳಂಬೆಳ್ಳಕ್ಕೆ ಹೋದೆ. ನೆಟ್ಟಗೆ ಹಟ್ಟಿಗೆ ನಡೆದೆ.

ಯಜಮಾನರು ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ನನ್ನ ಹೆಗಲ ಮೇಲಿನ ಸುರುಳಿ ನೋಡಿದಾಗಲೇ ಅವರಿಗೆ ತಿಳಿಯಿತು. ಆದರೂ ನಾನು ಎಲ್ಲವನ್ನೂ ಹೇಳಿದೆ. ಕೇಳಿ ಮುಗಿಸಿ, "ಅಂಗೋ" ಅಂದರು.

"ಬೇರೆಯವರು ಏನಂತಾರೆ ಯಜಮಾನ್ರೇ?"

"ಏನಂದಾರು? ಸಂತೆಗೆ ಕಂಬ್ಳಿ ಹೋಗ್ಲಿಲ್ಲ. ತ್ವಾವಿನಕೆರೆಯೋರು ಮಾತು ಬುಟ್ಟವ್ರೆ. ನಿಡುಗಲ್ಲಿನೋನು ಮಗ್ಗ ಬಿಚ್ಚಿ ಅಟ್ಟಕ್ಕಾಕಿ, ಎಂಡ್ರನ್ನೂ ಕರ್ಕಂಡು ರಸ್ತೆಗೆ ಜಲ್ಲಿ ಹೊಡಿಯಾಕ್ ಹೋದ್ನಂತೆ. ಊರ ನ್ಯಾಯಕ್ಕೆ ಮುಂಚೆ ನನ್ನ ಕರೀತಿದ್ರು. ಈಗ ಕರಿಯಾಕಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಒಳ್ಳೆಯದಿತ್ತು.

ನಾನು ತಂದ ಮೂಟೆಯನ್ನು ಸೊಸೆ ಬಿಚ್ಚಿದಳು. ಒಂದು ಹಿಡಿ ಎತ್ತಿ ಬೆಳಕಿನತ್ತ ಹಿಡಿದು, ಮತ್ತೆ ಇಟ್ಟಳು. "ಧಾರೆಗೆ ಬರಾಕಿಲ್ಲ ಸಾಮಿ ಇದು. ಇರ್ಲಿ." ಆಮೇಲೆ ಸುರುಳಿಯತ್ತ ಕೈ ತೋರಿಸಿದಳು. "ಅದ್ನ ಏನ್ ಮಾಡ್ತೀರಿ?"

"ನಿಮ್ಮದೇ ತಾಯಿ. ನೀವೇ ಇಟ್ಕೊಳ್ಳಿ."

"ಬಿಚ್ಚಾಣ ಅಂತ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಪೂರ್ತಿನಾ?"

"ಕುರಿ ಮಾತ್ರ ಬಿಚ್ಚಾಕೆ ಆಯ್ತದಾ? ಮ್ಯಾಲಿಂದ ಬಿಚ್ಕಂಡು ಬರ್ಬೇಕು. ಬಿಳೀದು ಇರೋದು ಕೆಳ್ಗಡೆ." ಅವಳು ಮಾವನ ಕಡೆ ನೋಡಿದಳು. "ಕಂಬ್ಳಿ ಆಗಾಕಿಲ್ಲ. ಕರೀ ಕಂಬ್ಳಿಗೆ ಬಿಳೀ ಅಂಚಾದ್ರೂ ಆಯ್ತದೆ."

ಯಜಮಾನರು ತಲೆಯಾಡಿಸಿದರು.

ಪಡಸಾಲೆಯಲ್ಲಿ ಚಿತ್ರವನ್ನು ಹರಡಿದೆವು. ಬಿಚ್ಚುವುದು ಎರಡು ಕೈಯ ಕೆಲಸವಲ್ಲ. ಒಬ್ಬರು ಎಳೆಯ ತುದಿ ಹುಡುಕಿ ಸಡಿಲಿಸಬೇಕು, ಒಬ್ಬರು ಉಂಡೆ ಸುತ್ತಬೇಕು. ನಾನು ಎದುರಿಗೆ ಕೂತೆ. ಮೊದಲು ಕೋಟೆಯ ಗೆರೆ ಹೋಯಿತು. ಹತ್ತು ಎಳೆಗಳಿಗೆ ಅದು ಮುಗಿದೇ ಹೋಯಿತು. ಆಮೇಲೆ ಬಂಡೆಗಳು. ಸೀಳು ಬಿಟ್ಟು ನೇಯ್ದಿದ್ದರೆ ಸುಲಭವಾಗಿ ಬರುತ್ತಿತ್ತು. ಒಂದಕ್ಕೊಂದು ಕೊಂಡಿ ಹಾಕಿದ್ದರಿಂದ ಪ್ರತಿ ಸಾಲಿನಲ್ಲೂ ಎರಡು ಎಳೆ ಸೇರುವ ಕಡೆಯಲ್ಲೆಲ್ಲ ನಿಲ್ಲಬೇಕು, ಒಂದನ್ನು ಇನ್ನೊಂದರಿಂದ ಪಾರು ಮಾಡಬೇಕು. ಹೊರಗೆ ಜಡಿಮಳೆ. ಯಜಮಾನರು ಕಂಬಳಿ ಹೊದ್ದು ಎದ್ದುಬಂದು ನಮ್ಮ ಪಕ್ಕ ಕೂತರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬೂದು ನೂಲಿನ ಉಂಡೆಯೊಂದನ್ನು ಕೈಗೆತ್ತಿಕೊಂಡು ತಾವೂ ಸುತ್ತತೊಡಗಿದರು.

ಕುರಿಗಳ ಸಾಲು ಬರುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಅವಳು ನೇಯ್ದ ಕುರಿಗಳಿಗೆ ಕಾಲಿರಲಿಲ್ಲ. ಬೆನ್ನು, ಬಗ್ಗಿದ ಕತ್ತು, ಅಷ್ಟೆ. ಒಂದೊಂದರಿಂದಲೂ ಬಂದ ನೂಲು ಎರಡು ಮೊಳ, ಮೂರು ಮೊಳ. ಅವಳು ತುದಿಗೆ ತುದಿ ಸೇರಿಸಿ, ಅಂಗೈಯಲ್ಲಿ ಹೊಸೆದು, ಒಂದೇ ಉಂಡೆಗೆ ಸುತ್ತುತ್ತಿದ್ದಳು. ಒಳಗಿನಿಂದ ಅವಳ ಮಗಳು ಬಂದು ಬಾಗಿಲಿಗೊರಗಿ ಸ್ವಲ್ಪ ಹೊತ್ತು ನಿಂತಿದ್ದು ಹಿಂದಕ್ಕೆ ಹೋದಳು.

ಉಂಡೆ ಮುಷ್ಟಿಯ ಗಾತ್ರಕ್ಕೆ ಬಂದಾಗ ಮುಗಿಯಿತೆಂದುಕೊಂಡು ನಾನು ಕೈ ಹಿಂದಕ್ಕೆ ತೆಗೆದೆ.

"ಇನ್ನೊಂದ್ ಕುರಿ ಐತೆ ಸಾಮಿ" ಅಂದಳು. "ಎಡಕ್ಕೆ. ಬಂಡೆ ಮರೇಲಿ."

ನಾನು ಬಗ್ಗಿ ಹುಡುಕಿದೆ. ಎಳೆಯ ತುದಿ ಸಿಕ್ಕಿತು. ಸಡಿಲಿಸಿ ಅವಳ ಕೈಗೆ ಕೊಟ್ಟೆ.